ಉಬ್ಬುವ ಬಣ್ಣ

ಕಬ್ಬಿಣದ ಕಟ್ಟಡಕ್ಕೆ ಬೆಂಕಿಯ ಭಯವಿಲ್ಲ ಎಂಬುದು ಸಾಹುಕಾರರ ಗಟ್ಟಿ ನಂಬಿಕೆ. ಕಾರ್ಖಾನೆಯ ಕಂಬವನ್ನು ತಟ್ಟಿ, "ಇದು ಉರಿಯುತ್ತೇನಯ್ಯಾ?" ಎಂದು ಬಣ್ಣದ ಮೇಸ್ತ್ರಿಯನ್ನು ಕೆಣಕುತ್ತಿದ್ದರು.

"ಉರಿಯಲ್ಲ ಸಾಹುಕಾರ್ರೇ, ಕಾದ್ರೆ ಬಾಗುತ್ತೆ. ಸೂರು ತಲೆ ಮೇಲೆ ಬರುತ್ತೆ. ನಾನು ಹೇಳೋ ಹೊಸ ಬಣ್ಣ ಬಳಿದ್ರೆ ಬೆಂಕಿ ತಾಗಿದಾಗ ಅದು ಉಬ್ಬಿ, ಕಂಬಕ್ಕೆ ಕಂಬಳಿ ಹೊದಿಸಿದ ಹಾಗಾಗುತ್ತೆ. ಒಳಗಿದ್ದೋರು ಓಡೋಕೆ ಹೊತ್ತು ಸಿಗುತ್ತೆ."

"ಬಣ್ಣ ಉಬ್ಬುತ್ತಂತೆ! ಯಾರ ಕಿವಿಗೆ ಹೂ ಇಡ್ತೀಯೋ?"

ಅದೇ ಸೂರಿನಡಿ ಮೇಸ್ತ್ರಿಯ ಹೆಂಡತಿ ದಿನವಿಡೀ ಡಬ್ಬ ಕಟ್ಟುತ್ತಿದ್ದಳು. ಅದಕ್ಕೇ ಅವನು ಪಟ್ಟು ಬಿಡದೆ ಸಾಹುಕಾರರ ಬೆನ್ನು ಹತ್ತಿದ್ದ. ಅವರು ಮಾತ್ರ ಜಗ್ಗಲಿಲ್ಲ; ಬಣ್ಣದ ಕಂಪನಿ ಕಳಿಸಿದ ಮಾದರಿ ಡಬ್ಬಿ ಉಗ್ರಾಣದ ಮೂಲೆ ಸೇರಿತು. ಹೇಗೂ ಒಣಗಿ ಹಾಳಾಗುತ್ತದೆಂದು ಮನಸ್ಸಿಗೆ ಸಮಾಧಾನ ಹೇಳಿ, ಮೇಸ್ತ್ರಿ ಅದನ್ನು ಯಾರಿಗೂ ಹೇಳದೆ ಮನೆಗೆ ಒಯ್ದು, ಅತ್ತೆಯ ಒಲೆಯ ಹಿಂದಿದ್ದ ತುಕ್ಕು ತಗಡಿಗೆ ಬಳಿದ. ಹಾಲಿನಂಥ ತಗಡು ಕಂಡು ಅತ್ತೆ ಕೇರಿಗೆಲ್ಲ ಅಳಿಯನ ಗುಣಗಾನ ಮಾಡಿದರು.

ಆ ಗುಣಗಾನ ವಾರವೂ ಬಾಳಲಿಲ್ಲ. ಒಂದು ಬೆಳಿಗ್ಗೆ ಮೇಸ್ತ್ರಿ ಸಾಹುಕಾರರ ಮುಂದೆ ಮತ್ತೆ ಅದೇ ವಾದ ಹೂಡಿದ್ದಾಗ, ಅತ್ತೆ ಕಂಕುಳಲ್ಲಿ ತಗಡು ಇರುಕಿಕೊಂಡು ಬಿರುಗಾಳಿಯಂತೆ ನುಗ್ಗಿದರು. ತಗಡಿನ ಮೈತುಂಬ ಕರಿ ಬುರುಗು ಉಕ್ಕಿ ನಿಂತಿತ್ತು.

"ಏನ್ರೀ ಅಳಿಯಂದಿರೇ, ಇದೆಂಥಾ ಬಣ್ಣ! ಗಾಳಿಗೆ ಒಲೆ ಉರಿ ತಗಡಿನ ಕಡೆ ವಾಲಿತ್ತು. ನಾನು ಹಿತ್ತಲಿಂದ ಬರೋದ್ರೊಳಗೆ ಹಿಟ್ಟು ಹುದುಗು ಬಂದ ಹಾಗೆ ಉಬ್ಬಿಕೊಂಡಿದೆ!"

ಮೇಸ್ತ್ರಿಯ ಮುಖ ಹುಳ್ಳಗಾಯಿತು. ಸಾಹುಕಾರರು ಹತ್ತಿರ ಬಂದರು. "ತಗಡು ಸೊಟ್ಟಗಾಗಿಲ್ವಾ ತಾಯಿ?"

"ಸುಳ್ಳು ಯಾಕೆ ಹೇಳ್ಲಿ? ಅದರ ಹಿಂದೆ ನೇತುಹಾಕಿದ್ದ ಪ್ಲಾಸ್ಟಿಕ್ ಜರಡಿ ಕೂಡ ಕರಗಿಲ್ಲ. ಆದ್ರೂ ಚೆಂದ ಹಾಳಾಯ್ತಲ್ಲ!"

ಸಾಹುಕಾರರು ಬುರುಗನ್ನು ಉಗುರಿನಿಂದ ಕೆರೆದು ನೋಡಿದರು. "ಈ ಬಣ್ಣ ಎಲ್ಲಿ ಸಿಕ್ತಯ್ಯಾ?"

ಯಾವುದೋ ಅಂಗಡಿಯ ಹೆಸರು ಹೇಳಿದರೆ ತಾನು ಉಳಿಯುತ್ತಿದ್ದ. ಆದರೆ ಕಂಬಕ್ಕೆ ಬಳಿಯಿರೆಂದ ಬಣ್ಣ ಇದೇ ಎಂದು ಸಾಹುಕಾರರನ್ನು ಒಪ್ಪಿಸುವ ಬಗೆ? ಪಕ್ಕದಲ್ಲಿ ಹೆಂಡತಿ ಡಬ್ಬ ಕಟ್ಟುವ ಸದ್ದು ಕೇಳುತ್ತಿತ್ತು. ಮೇಸ್ತ್ರಿ ಕಣ್ಣು ಮುಚ್ಚಿ, "ನಿಮ್ಮ ಉಗ್ರಾಣದ್ದೇ ಸಾಹುಕಾರ್ರೇ. ಕದ್ದೆ," ಎಂದ.

"ಕಳ್ಳಾ!"

"ಯಾರನ್ರೀ ಕಳ್ಳ ಅಂತೀರಿ?" ಅತ್ತೆ ತಗಡನ್ನು ಮೇಜಿನ ಮೇಲೆ ದಢಾರನೆ ಕುಕ್ಕಿದರು. "ನನ್ನ ಅಳಿಯನ್ನ ಬಯ್ಯೋಕೆ ನಾನಿದೀನಿ. ನಿಮ್ಮ ಕಂಬ ನೋಡ್ಕೊಳ್ಳಿ ನೀವು! ಅದರ ಕೆಳಗಿರೋದು ನನ್ನ ಮಗಳು."

ಸಾಹುಕಾರರು ಒಮ್ಮೆ ತಗಡನ್ನು, ಒಮ್ಮೆ ಸೂರನ್ನು ನೋಡಿದರು. ಅಂದೇ ಎಲ್ಲ ಕಂಬಗಳಿಗೂ ಬಣ್ಣ ತರಿಸಿದರು. ಬಳಿಯುವ ಕೆಲಸ ಮೇಸ್ತ್ರಿಗೇ ಸಿಕ್ಕಿತು. ಉಗ್ರಾಣದ ಬೀಗದ ಕೈ ಮಾತ್ರ ಅತ್ತೆಯ ಸೊಂಟ ಸೇರಿತು.