ಬಂದವರ ಮುಂದೆ ನೋವು ಹೇಳಬಾರದು

ಯಲ್ದೂರಿನ ಮುತ್ಯಾಲಮ್ಮ ಯಾರಿಗೂ ಹೆದರಿದವಳಲ್ಲ. ಕೂಲಿ ಮುರಿದುಕೊಂಡ ಮಾವಿನ ತೋಪಿನ ಧಣಿಯ ಮನೆ ಮುಂದೆ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೋಗಿ, ಅವನ ಬಾಯಿಂದ ತಪ್ಪಾಯ್ತು ಅನ್ನಿಸಿಕೊಂಡೇ ಬಂದವಳು. ಅಂಥವಳಿಗೆ ಅವತ್ತು ಬೆಳಗಿನಿಂದ ದಿಗಿಲು. ಮಾಲೂರಿನ ಒಂದು ಕಾರ್ಖಾನೆಯ ಟ್ರಸ್ಟಿನಿಂದ ಸುನಂದ ಅನ್ನುವ ಹುಡುಗಿ ಬರುವವಳಿದ್ದಳು. ಊರಿನ ವಯಸ್ಸಾದವರ ಕೂಟಕ್ಕೆ ಅನುದಾನ ಕೊಡಬಹುದೋ ಬೇಡವೋ ಅನ್ನುವುದನ್ನು ಅವಳೇ ನೋಡಿ ಹೇಳಬೇಕಿತ್ತು.

ಅನುದಾನ ಸಿಕ್ಕರೆ ವಾರಕ್ಕೊಂದು ಸಲ ಶ್ರೀನಿವಾಸಪುರದಿಂದ ಫಿಸಿಯೋಥೆರಪಿಯವರು ಬಂದು ಮಂಡಿ, ಸೊಂಟಕ್ಕೆ ವ್ಯಾಯಾಮ ಹೇಳಿಕೊಡುತ್ತಾರೆ. ಬಚ್ಚಲುಗಳಿಗೆ ಹಿಡಿದುಕೊಳ್ಳುವ ಕಂಬಿ ಬರುತ್ತದೆ. ಮುತ್ಯಾಲಮ್ಮನ ಕಣ್ಣೆಲ್ಲ ಆ ಕಂಬಿಯ ಮೇಲೆ. ಅದೂ ತನ್ನ ಮನೆಗಲ್ಲ, ಗೆಳತಿ ಬದ್ರುನ್ನೀಸಾ ಮನೆಗೆ. ಬದ್ರುನ್ನೀಸಾ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿಬಿದ್ದಿದ್ದಳು. ಆಮೇಲಿಂದ ಸೊಸೆ ಇಶ್ರತ್ ಅತ್ತೆಯನ್ನು ಒಬ್ಬಳೇ ಬಿಡಳು. ಬಾಗಿಲು ತೆರೆದಿಟ್ಟು ಹೊಸಿಲಲ್ಲೇ ನಿಲ್ಲುತ್ತಾಳೆ. ಪ್ರೀತಿಯಿಂದಲೇ ನಿಲ್ಲುತ್ತಾಳೆ, ಅದೇ ತೊಂದರೆ. ಬೈಯೋಣ ಅಂದರೂ ಬಾಯಿ ಬಾರದು.

"ಬಾಗಿಲು ಹಾಕ್ಕೊಂಡು ಸ್ನಾನ ಮಾಡ್ಬೇಕು ಕಣೇ ಮುತ್ಯಾಲೂ," ಅಂದಿದ್ದಳು ಬದ್ರುನ್ನೀಸಾ. "ಇನ್ನೇನೂ ಬೇಡ. ತುಂಬಿದ ಮನೆ ನಮ್ದು. ನಂದು ಅಂತ ಇದ್ದ ಜಾಗ ಅದೊಂದೇ."

ರೇಷ್ಮೆ ಸಾಕುವುದು ನಿಂತು ಖಾಲಿಬಿದ್ದಿದ್ದ ಹುಳುಮನೆಯಲ್ಲಿ ಕೂಟ ಸೇರುತ್ತಿತ್ತು. ಎಲ್ಲರೂ ಗೋಡೆಗುಂಟ ಇರುವ ಕಲ್ಲುಚಪ್ಪಡಿಯ ಮೇಲೆ ಕೂರುವವರು. "ಬಂದೋರ ಮುಂದೆ ಒಪ್ಪವಾಗಿ ಕಾಣ್ಬೇಕು" ಅಂತ ಮುತ್ಯಾಲಮ್ಮನೇ ಹೇಳಿಕಳಿಸಿದ್ದಳು. ಎಡವಟ್ಟಾದದ್ದೇ ಅಲ್ಲಿ. ಗಂಗುಲಪ್ಪ ಮೀಸೆಗೆ ಬಣ್ಣ ಹಚ್ಚಿ, ಊರುಗೋಲನ್ನು ಬಾಗಿಲ ಸಂದಿಗೆ ತಳ್ಳಿ ಬಂದ. ಭಾರತಮ್ಮ ಮಗಳ ಮದುವೆಯ ರೇಷ್ಮೆ ಸೀರೆ ಉಟ್ಟು ಬಂದಳು. ಬದ್ರುನ್ನೀಸಾ ಕಣ್ಣಿಗೆ ಸುರ್ಮಾ ತೀಡಿಕೊಂಡು ಬೇಗಂ ಹಾಗೆ ಕೂತಳು. ಹಸೆಮಣೆಗೆ ಏರಿಸಬಹುದಿತ್ತು, ಹಾಗಿತ್ತು ಗುಂಪು!

ಸುನಂದ ಬಂದಳು. ಸಣ್ಣ ವಯಸ್ಸು, ಮೆದು ಮಾತು. "ತಾತಾ, ಮಂಡಿನೋವು ಏನಾದ್ರೂ?"

"ಏಮೀ ಲೇದಮ್ಮಾ," ಗಂಗುಲಪ್ಪ ಎದೆ ಉಬ್ಬಿಸಿದ. "ಏನೂ ಇಲ್ಲ, ಕಲ್ಲಿನಂಗಿದೀನಿ."

"ಅಜ್ಜೀ, ನೀವು?"

"ಅಲ್ಲಾಹನ ದಯೆ ಮಗಾ, ಚೆನ್ನಾಗಿದೀನಿ," ಅಂದಳು ಬದ್ರುನ್ನೀಸಾ.

ಮುತ್ಯಾಲಮ್ಮ ಅವಳ ತೊಡೆ ಚಿವುಟಿದಳು. "ಲೇ, ಬಿದ್ದಿದ್ದು ಹೇಳೇ!"

"ಉಣ್ಣೋಕೆ ಮುಂಚೆ ನೋವು ಹೇಳಿದ್ರೆ ಆ ಮಗು ಗಂಟಲಲ್ಲಿ ಮುದ್ದೆ ಇಳೀತದಾ?"

ಮುದ್ದೆಗೆ ಹಿತಕಿದ ಬೇಳೆ ಸಾರು ಮಾಡಿದ್ದರು. ಹುಡುಗಿ ಕುರ್ಚಿ ಒಲ್ಲೆ ಅಂತ ಚಾಪೆಯ ಮೇಲೆ ಕೂತಳು. ನೆಲದಲ್ಲಿ ಕೂತು ಎಷ್ಟೋ ಕಾಲವಾಗಿದ್ದ ಮುದುಕರೆಲ್ಲ ಮುಖ ಮುಖ ನೋಡಿಕೊಂಡರು. ನೆಂಟರನ್ನು ಒಬ್ಬರೇ ಉಣ್ಣಲು ಬಿಡುವುದುಂಟೆ? ಅವಳು ಕೈ ತೊಳೆಯಲು ಹೋದ ಗಳಿಗೆಯಲ್ಲಿ ಒಬ್ಬರ ಹೆಗಲು ಒಬ್ಬರು ಹಿಡಿದು, ಹಲ್ಲು ಕಚ್ಚಿ, ದೊಪ್ಪನೆ ಪಂಕ್ತಿಗೆ ಕೂತರು.

ಊಟ ಮುಗಿಯಿತು. "ಈಗ್ಲಾದ್ರೂ ಹೇಳೇ," ಅಂದಳು ಮುತ್ಯಾಲಮ್ಮ.

"ಉಂಡ ಮೇಲೆ ಹೇಳಿದ್ರೆ, ಊಟ ಹಾಕಿ ಕೇಳಿದಂಗೆ ಆಗಲ್ವೇನೇ?"

ಮುತ್ಯಾಲಮ್ಮ ಹಣೆ ಚಚ್ಚಿಕೊಂಡಳು.

ಸುನಂದ ಎದ್ದು ಕೈ ಮುಗಿದಳು. "ಎಲ್ರೂ ಗಟ್ಟಿಮುಟ್ಟಾಗಿದೀರಿ, ನೋಡಿ ಖುಷಿ ಆಯ್ತು. ಮುಳಬಾಗಿಲ ಕಡೆ ಇನ್ನೊಂದು ಊರಿನವರೂ ಕೇಳಿದಾರೆ. ಈ ಸಲ ಅವ್ರಿಗೇ ಕೊಡಲಿ ಅನ್ಸುತ್ತೆ. ಬರ್ತೀನಿ ಅಜ್ಜೀ."

ಬರ್ತೀನಿ ಅಂದ ನೆಂಟರನ್ನು ಬೀದಿಯವರೆಗೆ ಹೋಗಿ ಕಳಿಸಬೇಕು. ಗಂಗುಲಪ್ಪ ನೆಲಕ್ಕೆ ಕೈಯೂರಿದ. ಎರಡು ಬೆರಳಷ್ಟು ಮೇಲೆದ್ದು ಮತ್ತೆ ಕೂತ. ಅವನ ಹೆಗಲು ಹಿಡಿದ ಭಾರತಮ್ಮ ರೇಷ್ಮೆ ಸೀರೆ ಸಮೇತ ಅವನ ಮೇಲೇ ವಾಲಿದಳು. "ಅಯ್ಯೋ ನನ್ನ ಸೊಂಟ!" ಎರಡು ಮಾತು ಗಟ್ಟಿಯಾಗಿ ಹೇಳಿಯೇಬಿಡೋಣ ಅಂತ ಏಳಹೋದ ಮುತ್ಯಾಲಮ್ಮನ ಮಂಡಿಯೂ ಕಟಕಟ ಅಂದು ಕೈಕೊಟ್ಟಿತು. ಪಂಕ್ತಿಗೆ ಪಂಕ್ತಿಯೇ ನೆಲ ಹಿಡಿದಿತ್ತು. ಸುನಂದ ಬಾಗಿಲಲ್ಲಿ ನಿಂತು ಕಣ್ಣು ಪಿಳಿಪಿಳಿ ಬಿಟ್ಟಳು.

"ನಿಂತ್ಕೊಂಡು ಹೇಳೋಣ ಅಂದ್ಕೊಂಡೆ, ಆಗ್ಲಿಲ್ಲ. ಕೂತೇ ಹೇಳ್ತೀನಿ ಕೇಳು ತಾಯಿ," ಅಂದಳು ಮುತ್ಯಾಲಮ್ಮ. "ನಾವು ಹೇಳಿದ್ದೆಲ್ಲ ಸುಳ್ಳು. ಬಂದೋರ ಮುಂದೆ ನೋವು ಹೇಳ್ಬಾರ್ದು ಅಂತ ಬೆಳೆದೋರು. ಈ ಮಂಡಿ ಸವೆದಿದ್ದು ನಮ್ಮ ಹೊಲದಲ್ಲಲ್ಲ. ಕಂಡೋರ ಮಾವು ಹೊತ್ತು, ಕಂಡೋರ ಇಟ್ಟಿಗೆ ಹೊತ್ತು ಸವೆದಿದ್ದು. ನಿಮ್ಮ ಕಾರ್ಖಾನೆ ಗೋಡೆಗೂ ನಮ್ಮಂಥೋರೇ ಯಾರೋ ಹೊತ್ತಿರ್ತಾರೆ. ಭಿಕ್ಷೆ ಕೇಳ್ತಿಲ್ಲ ನಾವು. ಮುಳಬಾಗಿಲೋರಿಗೂ ಕೊಡ್ಲಿ. ಮುದುಕರ ಮೇಲೆ ಮುದುಕರನ್ನ ಎತ್ತಿಕಟ್ಬೇಡಿ ಅಂತ ನಿಮ್ಮ ದೊಡ್ಡೋರಿಗೆ ಹೇಳು."

ಸುನಂದ ಬಂದು ಬದ್ರುನ್ನೀಸಾ ಪಕ್ಕದಲ್ಲಿ ಕೂತಳು. "ಅಜ್ಜೀ, ನಿಜ ಹೇಳಿ. ನಿಮಗೇನು ಬೇಕು?"

ಬದ್ರುನ್ನೀಸಾ ದುಪಟ್ಟಾ ಎಳೆದುಕೊಂಡಳು. ಗಂಗುಲಪ್ಪನ ಕಡೆ ನೋಡಿದಳು. ಅವನು ದೊಡ್ಡ ಮನುಷ್ಯ, ಸೂರಿನ ಕಡೆ ಮುಖ ತಿರುಗಿಸಿದ. ಆಗ ಅವಳು ಸುನಂದಳ ಕಿವಿಯ ಹತ್ತಿರ ಬಾಗಿ, ಬಿದ್ದದ್ದು, ಸೊಸೆ ನಿಲ್ಲುವುದು, ತೆರೆದ ಬಾಗಿಲು, ಎಲ್ಲವನ್ನೂ ಪಿಸುಗುಟ್ಟಿದಳು. ಹುಡುಗಿ ತುಂಬ ಹೊತ್ತು ಅವಳ ಕೈ ಬಿಡಲಿಲ್ಲ.

"ಎರಡೂ ಊರಿಗೆ ಕೊಡಿ ಅಂತ್ಲೇ ಬರೀತೀನಿ. ಒಪ್ಪೋದು ಮೇಲಿನವ್ರ ಕೈಲಿದೆ. ನಾನಂತೂ ಬಿಡಲ್ಲ," ಅಂದಳು. ಆಮೇಲೆ ಒಬ್ಬೊಬ್ಬರನ್ನೇ ತೋಳು ಕೊಟ್ಟು ಎಬ್ಬಿಸಿದಳು. ಎದ್ದವರು ಪಕ್ಕದವರಿಗೆ ಆಸರೆಯಾದರು. ಭಾರತಮ್ಮ ನಗು ತಡೆಯಲಾರದೆ ಎದ್ದವಳು ಮತ್ತೆ ಕೂತುಬಿಟ್ಟಳು. ಅವಳನ್ನು ಇನ್ನೊಂದು ಸಲ ಎತ್ತಬೇಕಾಯಿತು.

ಸಂಕ್ರಾಂತಿ ಕಳೆದ ಮೇಲೆ ಮುತ್ಯಾಲಮ್ಮನ ಫೋನಿಗೆ ಸುನಂದಳ ಕರೆ ಬಂತು. ಎರಡೂ ಊರಿಗೆ ಮಂಜೂರಾಗಿತ್ತು. "ಒಂದೇ ಒಂದು ಸಂಕೋಚ ಅಜ್ಜೀ," ಅಂದಳು. "ಹಾಕಿಸಿದ ಕಂಬಿ ಮೇಲೆಲ್ಲ ಟ್ರಸ್ಟಿನ ಹೆಸರಿನ ಫಲಕ ಇರ್ಬೇಕಂತೆ."

"ಬಚ್ಚಲಲ್ಲೂ ನಿಮ್ಮ ಹೆಸರಾ!" ಮುತ್ಯಾಲಮ್ಮ ಕೆರಳಿದಳು. ಇನ್ನೇನು ಶುರುಹಚ್ಚಿಕೊಳ್ಳಬೇಕು, ಪಕ್ಕದಲ್ಲೇ ಕೂತಿದ್ದ ಬದ್ರುನ್ನೀಸಾ ಫೋನು ಕಿತ್ತುಕೊಂಡಳು.

"ಹಾಕ್ಲಿ ಬಿಡು ಮಗಾ, ದೊಡ್ಡದಾಗೇ ಹಾಕ್ಲಿ. ಬಾಗಿಲು ಹಾಕ್ಕೊಂಡ ಮೇಲೆ ಅದನ್ನ ನೋಡೋಳು ನಾನೊಬ್ಬಳೇ. ನಂಗೆ ಓದೋಕೆ ಬರಲ್ಲ ಅಂತ ಮಾತ್ರ ಅವ್ರಿಗೆ ಹೇಳ್ಬೇಡ, ಪಾಪ, ಬೇಜಾರು ಮಾಡ್ಕೋತಾರೆ."