ಬೇಕೆಂದೇ ಬಿಟ್ಟ ದಾರಿ

ಕಸೂತಿಯ ಮೇಲೆ ಸರಿಯುತ್ತಿದ್ದ ಅತ್ತೆಯ ಹೆಬ್ಬೆರಳು ಬೆಟ್ಟದ ಸೊಂಟದ ಬಳಿ ನಿಂತುಬಿಟ್ಟಿತು. ಒಗೆದ ಬಟ್ಟೆ ಮಡಿಸುತ್ತಿದ್ದ ಸೊಸೆ ಕೈ ನಿಲ್ಲಿಸಿದಳು.

"ಇಲ್ಲಿ ಸೂಜಿ ಹಾಕಿದ್ದು ಯಾರು?"

"ನಾನೇ ಅತ್ತೆ. ಮಧ್ಯಾಹ್ನ ನೀವು ಮಲಗಿದ್ದಾಗ. ಅಲ್ಲಿಂದ ಬುಡದವರೆಗೆ ಒಂಚೂರು ಜಾಗ ಖಾಲಿ ಉಳಿದಿತ್ತು, ನಿಮ್ಮ ಕಣ್ಣಿಗೆ ಬಿದ್ದಿಲ್ಲವೇನೋ ಅಂದ್ಕೊಂಡೆ."

ಅತ್ತೆ ಆ ಹೊಲಿಗೆಗಳನ್ನು ಮತ್ತೊಮ್ಮೆ ಸವರಿದರು. ಕಿಟಕಿಯ ಆಚೆ ನಿಜವಾದ ಬೆಟ್ಟವಿತ್ತು; ಅವರು ಯಾವಾಗಲೂ ಅದಕ್ಕೆ ಬೆನ್ನು ಕೊಟ್ಟೇ ಕೂರುತ್ತಿದ್ದರು. ಕಳೆದ ಮಳೆಗಾಲದಲ್ಲಿ ಅದರ ಒಂದು ಪಕ್ಕ ಜರಿದು, ಕೆಲಸ ಮುಗಿಸಿ ಇಳಿಯುತ್ತಿದ್ದ ಮಗನನ್ನು ಕಾಲುದಾರಿಯ ಸಮೇತ ನುಂಗಿತ್ತು. ಅಗೆದವರಿಗೆ ಅವನ ಊಟದ ಡಬ್ಬಿ ಸಿಕ್ಕಿತು, ಅವನು ಸಿಗಲಿಲ್ಲ. ಅಂದಿನಿಂದ ಅತ್ತೆಯ ಬಟ್ಟೆಯ ಮೇಲೆ, ಜರಿಯುವ ಮುಂಚಿನ ಬೆಟ್ಟ ಬಂಡೆ ಬಂಡೆಯಾಗಿ ಏಳುತ್ತಿತ್ತು. ನೂಲು ಸಾಲದಾದಾಗ ಅವರು ಮಗನ ಹಸಿರು ಸ್ವೆಟರನ್ನೇ ಬಿಚ್ಚಿದ್ದರು.

ಅವನು ಇನ್ನು ಬರುವುದಿಲ್ಲವೆಂದು ತಿಳಿಹೇಳುವ ಕೆಲಸ ಸೊಸೆಯ ಪಾಲಿಗೆ ಬಂದಿತ್ತು. ಅವಳು ಕಣ್ಣೀರಿಲ್ಲದೆ, ಲೆಕ್ಕ ಒಪ್ಪಿಸುವವಳಂತೆ ಹೇಳುತ್ತ ಬಂದಿದ್ದಳು. ಅತ್ತೆಯೋ ಸಂಜೆಯಾದರೆ ಬಾಗಿಲಿನ ಅಗುಳಿ ಹಾಕಗೊಡುತ್ತಿರಲಿಲ್ಲ. "ನನ್ನ ಮಗ ಸೋಮಾರಿ ಕಣೇ, ಎರಡನೇ ಸಲ ಬಾಗಿಲು ತಟ್ಟೋನಲ್ಲ" ಎನ್ನುತ್ತಿದ್ದರು. ಬೆಟ್ಟದ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಇಬ್ಬರೂ ತಲೆಯೆತ್ತಿ ನೋಡುತ್ತಿದ್ದರು.

"ಅದು ಖಾಲಿ ಜಾಗ ಅಲ್ಲಮ್ಮ" ಎಂದರು ಅತ್ತೆ ಕೊನೆಗೆ. "ಅವನು ಇಳಿದು ಬರೋ ದಾರಿ. ಬೇಕಂತಲೇ ಬಿಟ್ಟಿದ್ದೆ."

ಈಗಲೇ ಬಿಚ್ಚಿಬಿಡುತ್ತೇನೆಂದು ಸೊಸೆ ಮುಂದೆ ಬಂದಳು. ಅತ್ತೆ ಬೇಡವೆಂದು ಕೈಯೆತ್ತಿದರು.

"ಇರಲಿ ಬಿಡು. ನೀನೇ ಮುಚ್ಚಿದ ಮೇಲೆ ಮುಗೀತು. ನಿನ್ನನ್ನೂ ಎಷ್ಟು ದಿನ ಅಂತ ಕಾಯಿಸಲಿ?"

ಕಸೂತಿಯ ಫ್ರೇಮನ್ನು ಗೋಡೆಗೆ ಒರಗಿಸಿಟ್ಟು, ಮೆಲ್ಲನೆ ಎದ್ದು ಹೋಗಿ, ಬಾಗಿಲಿಗೆ ಅಗುಳಿ ಹಾಕಿ ಬಂದರು.

ಆ ಸದ್ದಿಗೆ ಸೊಸೆ ತಿರುಗಿ ಬಾಗಿಲನ್ನೇ ನೋಡಿದಳು. ಎಷ್ಟೋ ಸಂಜೆ ತಾನೇ ಬಯಸಿದ್ದ ಸದ್ದು ಅದು. ಅವಳು ಕತ್ತರಿ ತಂದಳು. ಫ್ರೇಮನ್ನು ಮಡಿಲಿಗೆಳೆದುಕೊಂಡು ತಾನು ಹಾಕಿದ ಹೊಲಿಗೆಗಳನ್ನು ಬುಡದಿಂದ ಬಿಚ್ಚತೊಡಗಿದಳು. ಅತ್ತೆ ತಡೆಯಲಿಲ್ಲ. ಬಿಡಿಸಿದ ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಪಕ್ಕದಲ್ಲಿ ಕೂತರು.

ಎಳೆಯೆಲ್ಲ ಬಂತು. ಆದರೆ ಸ್ವೆಟರಿನ ಉಣ್ಣೆಗೆ ಅವಳು ಬಳಸಿದ್ದ ಸೂಜಿ ದಪ್ಪನೆಯದು. ಸೊಸೆ ಬಟ್ಟೆಯನ್ನು ಕಿಟಕಿಯ ಕೊನೆಯ ಬೆಳಕಿಗೆ ಹಿಡಿದಳು. ಬೆಟ್ಟದ ಸೊಂಟದಿಂದ ಬುಡದವರೆಗೆ ಸಣ್ಣ ಸಣ್ಣ ತೂತುಗಳು ಇಳಿದು ಬಂದಿದ್ದವು, ಎಡಕ್ಕೊಂದು, ಬಲಕ್ಕೊಂದು.