ಹೆಬ್ಬೆರಳು ಬಂದ ಚಿತ್ರಗಳು

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಬಿಡುವಿನಲ್ಲಿ ಹಗ್ಗದ ಗಂಟುಗಳ ಬಗ್ಗೆ ಬರೆಯುತ್ತಿದ್ದ. ಹವ್ಯಾಸಿಗಳ ಪುಟ್ಟ ಪತ್ರಿಕೆಯೊಂದರಲ್ಲಿ ಇಪ್ಪತ್ತೇಳು ಲೇಖನಗಳು ಬಂದಿದ್ದವು. ಅಲ್ಲಿ ಚಿತ್ರಕ್ಕೆ ಜಾಗವಿರಲಿಲ್ಲ. ಅವನು ತೀರಿಕೊಂಡು ಏಳು ತಿಂಗಳಾದ ಮೇಲೆ ಸಂಪಾದಕರು ಆ ಲೇಖನಗಳನ್ನು ಪುಸ್ತಕ ಮಾಡಲು ಹೊರಟರು. ಅವನ ಫೋನಿನಲ್ಲಿರುವ ಚಿತ್ರಗಳನ್ನೂ ಕೇಳಿದರು.

"ಬರಹವೇ ಸ್ಪಷ್ಟವಾಗಿದೆ. ಚಿತ್ರ ಬೇಡ," ಎಂದೆ.

ಕರಡು ತಿದ್ದಿದವಳು ನಾನೇ. ಎಂ.ಎ. ಓದಿದವಳ ಮಾತೆಂದು ಅವರು ಒಪ್ಪಿದರು. ಅವನ ಫೋನನ್ನು ನಾನು ಇನ್ನೂ ತೆರೆದೇ ಇಲ್ಲವೆಂದು ಹೇಳಲಿಲ್ಲ.

ಪುಸ್ತಕ ಅಚ್ಚಿಗೆ ಹೋಗುವ ದಿನ ಬೆಳಿಗ್ಗೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹಗ್ಗ ಹರಿಯಿತು. ಅತ್ತೆ ಹೊಸ ಹಗ್ಗ ಹಿಡಿದು ಬಂದರು.

"ಅವನು ಬರೆದಿದ್ದಾನಲ್ಲ, ಓದು. ಕಟ್ತೀನಿ."

ನಾಲ್ಕನೆಯ ಲೇಖನ ಓದಿದೆ. ಕಂಬಿಗೆ ಎರಡು ಸುತ್ತು ಹಾಕಿ, ತುದಿಯನ್ನು ಎರಡನೆಯ ಸುತ್ತಿನ ಕೆಳಗೆ ತೂರಿಸಿ, ಎಳೆಯಿರಿ. ಅತ್ತೆ ಹಾಗೇ ಮಾಡಿ, ಒದ್ದೆ ಹೊದಿಕೆ ಹರವಿದರು. ಗಂಟು ಜಾರಿ ಹೊದಿಕೆ ನೆಲಕ್ಕೆ ಬಿತ್ತು. ಇನ್ನೊಮ್ಮೆ ಓದಿದೆ. ಇನ್ನೊಮ್ಮೆ ಬಿತ್ತು.

"ನಿನ್ನ ಓದು ನೆಟ್ಟಗಿದೆ, ನನ್ನ ಗಂಟು ಸೊಟ್ಟಗಿದೆ," ಎಂದರು ಅತ್ತೆ. "ಒಗೆದ ಬಟ್ಟೆನೇ ಎಷ್ಟು ಸಲ ಒಗೀಲಮ್ಮ? ಅವನು ಫೋಟೋ ತೆಗೀತಿದ್ದ. ಅದನ್ನ ತೋರ್ಸು."

"ಅವು ಚೆನ್ನಾಗಿಲ್ಲ ಅತ್ತೆ."

"ನೋಡಿದ್ದೀಯಾ?"

ನಾನು ಬಿದ್ದ ಹೊದಿಕೆಯನ್ನು ಎತ್ತಿ ಹಿಂಡಿದೆ. ಅವರು ಒಳಗೆ ಹೋಗಿ ಕಪಾಟಿನಿಂದ ಫೋನ್ ತಂದು, ಚಾರ್ಜಿಗೆ ಹಾಕಿ, ಪಕ್ಕದಲ್ಲೇ ಕುಳಿತರು. "ನನ್ನ ಕಣ್ಣಿಗೆ ಹಗ್ಗವೂ ಒಂದೇ, ಹಾವೂ ಒಂದೇ. ನೀನೇ ನೋಡ್ಬೇಕು."

ನೋಡಿದೆ. ಅದೇ ಗಂಟಿನ, ಬೆಳಕು ಸಾಲದ ಚಿತ್ರ. ಮಸುಕು. ಹಗ್ಗದ ಅರ್ಧ ಚೌಕಟ್ಟಿನ ಆಚೆ. ಬಲಗೈಯಲ್ಲಿ ಫೋನ್ ಹಿಡಿದು ತೆಗೆದದ್ದು, ಎಡಗೈ ಚಿತ್ರದೊಳಗಿತ್ತು. ಹೆಬ್ಬೆರಳು ಎರಡನೆಯ ಸುತ್ತನ್ನು ಒತ್ತಿ ಹಿಡಿದಿತ್ತು, ಅದು ಮೊದಲನೆಯದರ ಮೇಲೆ ಹತ್ತದಂತೆ.

ಲೇಖನದಲ್ಲಿ ಹೆಬ್ಬೆರಳಿನ ಮಾತೇ ಇರಲಿಲ್ಲ. ಕೈಗೆ ಗೊತ್ತಿದ್ದದ್ದು ಬರೆಯುವವನಿಗೆ ಗೊತ್ತಿರಲಿಲ್ಲ. ತಿದ್ದಿದ ನನಗೂ ತಿಳಿಯಲಿಲ್ಲ.

"ಬೆರಳಿಂದ ಇಲ್ಲಿ ಒತ್ಕೊಂಡು ಎಳೀರಿ, ಅತ್ತೆ."

ಒತ್ತಿ ಎಳೆದರು. ಹೊದಿಕೆ ನಿಂತಿತು. ಅತ್ತೆ ಅದನ್ನು ಹಿಡಿದು ಜಗ್ಗಿ ನೋಡಿದರು. ಆಮೇಲೆ ಸ್ವಲ್ಪ ಹೊತ್ತು ಹೊದಿಕೆಯ ಆಚೆಗೇ ನಿಂತಿದ್ದರು.

ಸಂಪಾದಕರಿಗೆ ಫೋನ್ ಮಾಡಿದೆ. "ಚಿತ್ರಗಳನ್ನು ಹಾಕ್ಬೇಕು ಸಾರ್. ಇಲ್ದಿದ್ರೆ ಇದನ್ನ ಓದಿ ಯಾರೂ ಗಂಟು ಹಾಕೋಕಾಗಲ್ಲ."

"ಈಗ ಹೇಳ್ತೀರಲ್ಲಮ್ಮ, ಮದುವೆ ಮುಗಿದ್ಮೇಲೆ ಹೆಣ್ಣು ನೋಡೋಕೆ ಬಂದ ಹಾಗೆ. ಸರಿ, ಸಂಜೆ ಆರರವರೆಗೆ ತಡೆದಿಡ್ತೀನಿ. ಎಲ್ಲದರಲ್ಲೂ ಕೈ ಅಡ್ಡ ಬರುತ್ತೆ ಅಂತ ನಿಮ್ಮ ಯಜಮಾನ್ರೇ ನಗಾಡ್ತಿದ್ರು. ಕೈ ಬಂದಿರೋ ಕಡೆ ಕತ್ತರಿಸಿಬಿಡ್ಲಾ?"

"ಬೇಡ. ಕೈಯೇ ಬೇಕಾಗಿರೋದು."

ಮಧ್ಯಾಹ್ನವೆಲ್ಲ ಕುಳಿತು ಒಂದೊಂದಾಗಿ ನೋಡಿದೆ. ಕೆಲವು ಗಂಟುಗಳನ್ನು ಅತ್ತೆ ಕುರ್ಚಿಯ ಕಾಲಿಗೆ ಹಾಕಿ ಪರೀಕ್ಷಿಸಿದರು. ಇಪ್ಪತ್ತೇಳಕ್ಕೂ ಚಿತ್ರ ಸಿಕ್ಕಿತು. ಆರಕ್ಕೆ ಹತ್ತು ನಿಮಿಷವಿರುವಾಗ ಕಳಿಸಿದೆ.

ಕಳಿಸದೆ ಉಳಿದ ಎರಡು ಚಿತ್ರಗಳಲ್ಲಿ ಹೆಬ್ಬೆರಳು ಸುಮ್ಮನೆ ಅಡ್ಡ ಬಂದಿತ್ತು, ಗಂಟೇ ಕಾಣುತ್ತಿರಲಿಲ್ಲ. ಓದುವವರಿಗೆ ಅವುಗಳಿಂದ ಏನೂ ಉಪಯೋಗವಿಲ್ಲ. ಅವನ್ನು ನನ್ನ ಫೋನಿಗೆ ಹಾಕಿಕೊಂಡೆ.